ಬಲಕ್ಕೆ ಸರಿದ ಗದ್ದ

ನನ್ನ ಸೋದರತ್ತೆಯ ಗದ್ದ ಮೂಗಿನ ನೇರಕ್ಕೆ ಇರಲಿಲ್ಲ. ಬಲಕ್ಕೆ ಸರಿದು ತುಟಿಯ ಅಂಚಿನ ಕೆಳಗೆ ಕೂತಿತ್ತು. ಬಾಯಿ ಒಂದು ಬೆರಳು ಹೋಗುವಷ್ಟೇ ತೆರೆಯುತ್ತಿತ್ತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ನಮಗೆಲ್ಲ ಬಡಿಸಿದ ಮೇಲೆ ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದಳು. ಅವಳನ್ನು ನೋಡಲು ಹತ್ತಿಮತ್ತೂರಿಗೆ ಬಂದ ಗಂಡುಗಳು ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ಅರವತ್ತರ ದಶಕದ ಆರಂಭ, ನಾನಿನ್ನೂ ಚಿಕ್ಕ ಹುಡುಗಿ. ಪಂಚಮಿಯ ಜೋಕಾಲಿಯಿಂದ ಬಿದ್ದು ನನ್ನ ಗದ್ದ ಒಡೆಯಿತು. ಅಜ್ಜಿ ಅರಿಶಿನ ಮೆತ್ತಿ, ದವಡೆ ಅಲುಗದಂತೆ ತಲೆಯ ಸುತ್ತ ಬಟ್ಟೆ ಬಿಗಿದಳು. ಗಾಯ ಮಾಯಿತು, ಬಾಯಿ ಬಿಗಿಯಾಗುತ್ತ ಹೋಯಿತು. ಅತ್ತೆ ನನ್ನ ಕಿವಿಯ ಮುಂದೆ ಬೆರಳಿಟ್ಟು ಒತ್ತಿದಾಗ ಚೀರಿದೆ. ಮರುದಿನವೇ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು, ನನ್ನನ್ನು ಕರೆದುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದಳು.

ಡಾಕ್ಟರು ನನ್ನ ತಲೆಗೆ ಬಿಗಿದಿದ್ದ ಬಟ್ಟೆ ಬಿಚ್ಚಿಸಿದರು. ಕಿವಿಯ ಮುಂದಿನ ಕೀಲು ಬಿರಿದಿದೆ, ಹೀಗೆ ಕಟ್ಟಿಟ್ಟರೆ ಎಲುಬು ಕೂಡಿಕೊಂಡು ಬಾಯಿ ಕಚ್ಚಿಕೊಳ್ಳುತ್ತದೆ, ಆ ಕಡೆಯ ದವಡೆ ಬೆಳೆಯದೆ ಗದ್ದ ವಾಲುತ್ತದೆ, ದಿನಾ ಬಾಯಿ ತೆರೆಸಬೇಕು ಎಂದರು. ಆಮೇಲೆ ಅತ್ತೆಯ ಮುಖ ನೋಡಿ, ಚಿಕ್ಕಂದಿನಲ್ಲಿ ಬಿದ್ದಿದ್ದೆಯಾ ಎಂದು ಕೇಳಿದರು. ಬಿದ್ದಿದ್ದಳು, ಅಟ್ಟದಿಂದ. ಅಜ್ಜಿ ಆಗಲೂ ಹೀಗೇ ಬಿಗಿದು, ತಿಂಗಳುಗಟ್ಟಲೆ ಬಿಚ್ಚಿರಲಿಲ್ಲ.

ಮರಳುವಾಗ ಬಸ್ಸು ಸವಣೂರು ದಾಟಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದಳು.

"ಇದನ್ನ ಅವ್ವಗ ಹೇಳಬ್ಯಾಡ," ಎಂದಳು. "ಆಕಿ ನನಗ ಚಲೋ ಆಗ್ಲಿ ಅಂತನ ಕಟ್ಟಿದ್ಲು."

ಅಂದಿನಿಂದ ದಿನವೂ ನನ್ನ ಹಲ್ಲುಗಳ ನಡುವೆ ಕಟ್ಟಿಗೆಯ ಬೆಣೆ ಇಟ್ಟು ಬಾಯಿ ತೆರೆಸುತ್ತಿದ್ದಳು. ನಾನು ಅವಳ ಕೈ ಕಚ್ಚುತ್ತಿದ್ದೆ. "ಅಳು, ಆದ್ರ ಬಾಯಿ ತಗದು ಅಳು," ಎನ್ನುತ್ತಿದ್ದಳು. ಇಂದು ನನ್ನ ಮುಖ ನೆಟ್ಟಗಿದ್ದರೆ ಅದು ಅವಳದು.

ನನ್ನದು ಸಲೀಸಾದ ಮೇಲೆ ಅವಳು ತನ್ನದಕ್ಕೆ ಹೊರಟಳು. ಕೂಡಿದ ಎಲುಬು ಕತ್ತರಿಸಿ ಕೀಲು ಬಿಡಿಸಬಹುದು, ಗದ್ದ ಪೂರ್ತಿ ನೆಟ್ಟಗಾಗಲಿಕ್ಕಿಲ್ಲ, ಬಾಯಿ ತೆರೆಯದವರಿಗೆ ಅರಿವಳಿಕೆ ಕೊಡುವುದೂ ಅಪಾಯ ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದರು. ಈ ವಯಸ್ಸಿನಲ್ಲಿ ಯಾಕೆ ಎಂದು ಅಪ್ಪ ತಡೆದರು.

"ಮಂದಿ ನೋಡ್ಲಿ ಅಂತಲ್ಲಣ್ಣ. ನಿಮ್ಮ ಜೋಡಿ ಕುಂತು ಉಣ್ಣಬೇಕು."

ಶಸ್ತ್ರಕ್ರಿಯೆಯ ಮೇಜಿನ ಮೇಲೆ ಅವಳ ಉಸಿರು ಕಟ್ಟಿತು. ಉಸಿರಾಟದ ಕೊಳವೆ ಇಳಿಸಲು ಬಾಯಿ ತೆರೆಯಲಿಲ್ಲ.

ಹೆಣ ಮನೆಗೆ ಬಂದ ದಿನ ಅಜ್ಜಿ ಅದರ ತಲೆದೆಸೆಯಲ್ಲಿ ಕೂತು ನನ್ನನ್ನು ಹತ್ತಿರ ಕರೆದಳು.

"ತಂಗಿ, ಆಕಿ ಬಾಯಿ ಯಾಕ ಹಂಗಾಗಿತ್ತಂತ? ಡಾಕ್ಟರು ಏನರ ಹೇಳಿದ್ರೇನು?"

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನೂ ಹೇಳಿಲ್ಲಜ್ಜಿ," ಎಂದೆ.