ಬರಿಗಾಲಿನ ನಾಲಬಂದ

ಅವರ ಬಾಯಿಯ ಎಡ ಮೂಲೆಯಲ್ಲಿ ಸದಾ ನಾಲ್ಕು ಮೊಳೆ ಇರುತ್ತಿದ್ದವು. ಎತ್ತನ್ನು ಕೆಡವಿ, ಕಾಲು ಕಟ್ಟಿ, ಒಂದೊಂದೇ ಮೊಳೆಯನ್ನು ತುಟಿಯಿಂದ ತೆಗೆದು ಲಾಳಕ್ಕೆ ಬಡಿಯುತ್ತಿದ್ದರು. ವರ್ಷಗಟ್ಟಲೆ ಹೀಗೇ ಮಾಡಿ ತುಟಿ ಆ ಕಡೆ ತುಸು ಜೋತುಬಿದ್ದಿತ್ತು. ಯಾರನ್ನೋ ಕಂಡು ಒಳಗೊಳಗೇ ನಗುತ್ತಿದ್ದಾರೆ ಅನಿಸುತ್ತಿತ್ತು. ಮೊಳೆ ಬಾಯಲ್ಲಿರುವಾಗ ಮಾತಿಲ್ಲ, ಬರೀ 'ಹೂಂ', 'ಊಹೂಂ'. ಮೊಳೆಗಳನ್ನು ಅಂಗೈಗೆ ಉಗುಳಿ ಕಿಸೆಗೆ ಹಾಕಿದರೆಂದರೆ ಏನೋ ಹೇಳುವುದಿದೆ ಎಂದರ್ಥ.

ದನಗಳಿಗೆ ಲಾಳ ಕಟ್ಟುವವರನ್ನು ನಮ್ಮ ಕಡೆ ನಾಲಬಂದ ಎನ್ನುತ್ತಾರೆ. ಬೈಲಹೊಂಗಲದ ದನದ ಪೇಟೆಯಲ್ಲಿ ಬೇವಿನ ಮರದಡಿ ಕೂರುತ್ತಿದ್ದ ಇವರು ಎಲ್ಲರಿಗೂ ನಾಲಬಂದ ಕಾಕಾ. ನಾನು ಆಗಷ್ಟೇ ಸವದತ್ತಿ ಕಡೆಗೆ ಬಂದ ಪಶುವೈದ್ಯ. ನಮ್ಮ ನಡುವೆ ಹೇಳಿಕೊಳ್ಳುವಂಥ ಸ್ನೇಹವೇನೂ ಇರಲಿಲ್ಲ. ನಾನು ಅವರನ್ನು ಹಳೇ ಕಾಲದವರೆಂದೂ, ಅವರು ನನ್ನನ್ನು ಸೂಜಿ ಡಾಕ್ಟರೆಂದೂ ಎಣಿಸಿದ್ದೆವು. ಅಷ್ಟರಲ್ಲಾಗಲೇ ಹೊಲಗಳಿಗೆಲ್ಲ ಟ್ರ್ಯಾಕ್ಟರ್ ಇಳಿದಿತ್ತು. ಕಾಕಾನ ಮರದಡಿ ವಾರಕ್ಕೆ ಎರಡು ಜೋಡಿ ಎತ್ತು ಬಂದರೆ ಅದೇ ಹೆಚ್ಚು.

ಆ ವರ್ಷ ಮಲಪ್ರಭೆಯ ದಂಡೆಯ ಹಳ್ಳಿಯೊಂದರ ವಾಡೆಯ ಗೌಡರು, ರೇಸಿನಲ್ಲಿ ಓಡಿ ಮುಗಿಸಿದ ಹೆಣ್ಣು ಕುದುರೆಯೊಂದನ್ನು ದಲಾಲನಿಂದ ತರಿಸಿದರು. ಅಜ್ಜನ ಕಾಲದಲ್ಲಿ ವಾಡೆಯ ಮುಂದೆ ಕುದುರೆ ನಿಲ್ಲುತ್ತಿತ್ತಂತೆ, ಈಗಲೂ ನಿಲ್ಲಲಿ ಎಂಬುದು ಅವರ ಆಸೆ. ಆದರೆ ಈ ಕುದುರೆಗೆ ನಿಲ್ಲುವುದೇ ಬರುತ್ತಿರಲಿಲ್ಲ. ದಿನವಿಡೀ ತಲೆಯನ್ನು ಆ ಕಡೆ ಈ ಕಡೆ ತೂಗುತ್ತಿತ್ತು. ಮೇವು ಮುಟ್ಟದೆ ಪಕ್ಕೆಲುಬು ಎದ್ದವು. ಹಿಟ್ಟಿನ ಗಿರಣಿಯ ಶಟರ್ ಎಳೆದ ಸದ್ದಾದರೆ ಮೈಯೆಲ್ಲ ಬೆವರಿ ಮುಂಗಾಲು ಎತ್ತಿಬಿಡುತ್ತಿತ್ತು. ಬಂದಂದಿನಿಂದ ಒಮ್ಮೆಯೂ ಮಲಗಿರಲಿಲ್ಲ. ಕುದುರೆ ನಿಂತೇ ನಿದ್ದೆ ಮಾಡುತ್ತದೆ, ಮಲಗಿದರೆ ಮತ್ತೆ ಏಳುವುದಿಲ್ಲ ಎಂದು ನಂಬಿದ್ದ ಊರವರಿಗೆ ಅದು ಚಿಂತೆಯ ವಿಷಯವಾಗಿರಲಿಲ್ಲ. ನನಗೆ ಆಗಿತ್ತು. ಔಷಧ ಕೊಟ್ಟೆ. ಅದರ ಅಮಲು ಇಳಿದ ಕೂಡಲೇ ಮತ್ತೆ ಅದೇ ತೂಗಾಟ.

"ಅಮಾಸಿತನಕ ನೋಡತೇನ್ರಿ ಡಾಕ್ಟ್ರ. ಆಮ್ಯಾಲೆ ದಲಾಲ ಬಂದು ಒಯ್ಯಲಿ," ಅಂದರು ಗೌಡರು. ಓಡದ, ಗಾಡಿಗೂ ಒಗ್ಗದ ಕುದುರೆಯನ್ನು ದಲಾಲ ಸಾಕುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಗೊರಸು ಬೆಳೆದು ಹಳೇ ಲಾಳ ಸಡಿಲಾಗಿದ್ದರಿಂದ ಹೊಸದು ಹೊಡೆಸಲು ಕಾಕಾನನ್ನು ಕರೆಸಿದರು. ಸುತ್ತಲ ಹಳ್ಳಿಗಳಲ್ಲಿ ಲಾಳ ಬೇಕಾದ ಕುದುರೆ ಅದೊಂದೇ. ಒಂದೂವರೆ ತಿಂಗಳಿಗೊಮ್ಮೆ ತಪ್ಪದ ಕೆಲಸ. ಕಾಕಾ ಹಿಗ್ಗಿನಿಂದಲೇ ಬಂದರು. ಚೀಲದಲ್ಲಿ ತಾವೇ ಕಾಸಿ ಬಡಿದ ನಾಲ್ಕು ಲಾಳ ಇದ್ದವು. ಬಂದವರು ಕುದುರೆಯನ್ನು ಮುಟ್ಟದೆ ಮಧ್ಯಾಹ್ನದವರೆಗೆ ಸುಮ್ಮನೆ ನೋಡುತ್ತ ಕುಳಿತರು. ಆಮೇಲೆ ಮೊಳೆಗಳನ್ನು ಅಂಗೈಗೆ ಉಗುಳಿ ಕಿಸೆಗೆ ಹಾಕಿಕೊಂಡರು.

"ಇದಕ್ಕ ನಾಲ ಬ್ಯಾಡ್ರಿ ಗೌಡ್ರ."

"ನಾಲಬಂದನ ಬಾಯಾಗ ಬರೂ ಮಾತೇನು ಕಾಕಾ ಇದು?"

"ಕಾಲಾಗ ನಾಲ ಇರೂತನಾ ಇವತ್ತೂ ಓಡಸ್ತಾರಂತ ಕಾಯತೈತ್ರಿ. ಓಡೂದು ಮುಗೀತು ಅಂತ ಇದಕ್ಕ ಯಾರೂ ಹೇಳಿಲ್ಲ."

ಹೇಳಿದ್ದೇ ತಡ, ಇದ್ದ ಲಾಳಗಳನ್ನೂ ಕಿತ್ತರು. ರೇಸಿನ ಕುದುರೆಯ ಲಾಳ ಹೊಸ್ತಿಲಿಗೆ ಹೊಡೆದರೆ ಒಳ್ಳೆಯದೆಂದು ಗೌಡರು ಒಂದನ್ನು ಕೈಗೆತ್ತಿಕೊಂಡರೆ ಹಗುರ ತಗಡು. "ಇದೇನಿದು, ಬೋಗುಣಿ ಮಾಡೂ ಅಲ್ಯೂಮಿನಿ?" ಎಂದು ಮುಖ ಹುಳ್ಳಗೆ ಮಾಡಿದರು.

ಮೂರನೇ ದಿನಕ್ಕೆ ಗೌಡರ ಫೋನು. "ಓಡೂ ಕುದುರಿ ಕುಂಟಾಕ ಹತ್ತೈತ್ರಿ!" ಹೋಗಿ ನೋಡಿದರೆ, ಕಡಲೆ ಕಿತ್ತ ಎರೆಹೊಲದಲ್ಲಿ ಕಾಕಾ ಹಗ್ಗ ಹಿಡಿದು ಕುದುರೆಯನ್ನು ನಡೆಸುತ್ತಿದ್ದರು. ಅದು ಒಂದೊಂದೇ ಕಾಲನ್ನು ಅಳುಕುತ್ತ ಊರುತ್ತಿತ್ತು. ಕಾಕಾನ ಚಪ್ಪಲಿ ಬದುವಿನ ಮೇಲಿದ್ದವು. ಈ ಬಿಸಿಲಲ್ಲಿ ಬರಿಗಾಲೇಕೆ ಎಂದು ಕೇಳಿದೆ.

"ಚಪ್ಪಲ ಹಾಕ್ಕೊಂಡ್ರ ಎಲ್ಲಿ ಚುಚ್ಚತೈತಿ ಅಂತ ನನಗ ಹ್ಯಾಂಗ ತಿಳೀಬೇಕ್ರಿ ಸಾಹೇಬ್ರ? ನನಗ ಚುಚ್ಚಿದಲ್ಲಿ ಇದನ್ನ ಒಯ್ಯೂದಿಲ್ಲ."

ಲಾಳ ತೆಗೆದ ಮೇಲೆ ಅಂಗಾಲು ನೊಂದು ನಡಿಗೆ ನಿಧಾನವಾಗಿದೆ, ಅಷ್ಟೇ ಎಂಬುದು ನನ್ನ ಲೆಕ್ಕಾಚಾರ. ಓಡುವುದು ಮುಗಿಯಿತೆಂದು ಕುದುರೆಗೆ ತಿಳಿಯುತ್ತಿದೆ ಎಂಬುದು ಅವರ ನಂಬಿಕೆ. ಯಾವುದು ನಿಜವೆಂದು ಇವತ್ತಿಗೂ ನಾನು ತೀರ್ಮಾನಿಸಿಲ್ಲ. ಕುಂಟು ತಾನಾಗಿ ಹೋಗುತ್ತದೆ ಎಂದು ಗೌಡರಿಗೆ ಭರವಸೆ ಕೊಟ್ಟು ಬಂದೆ. ನನಗೇ ಪೂರಾ ಭರವಸೆ ಇರಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಮತ್ತೆ ಫೋನು. "ಕುದುರಿ ಹೋತ್ರಿ ಡಾಕ್ಟ್ರ."

ವಾಡೆಯ ಮುಂದೆ ದಲಾಲನ ಟೆಂಪೋ ಆಗಲೇ ನಿಂತಿತ್ತು. ಹೊಲದಲ್ಲಿ ಹತ್ತಿಪ್ಪತ್ತು ಜನ. ನಡುವೆ ಕುದುರೆ ಮಗ್ಗುಲಾಗಿ, ನಾಲ್ಕೂ ಕಾಲು ಚಾಚಿ ಬಿದ್ದಿತ್ತು. ಗೌಡರ ತಾಯಿ ಅರಿಶಿನ, ಕುಂಕುಮ, ಕಾಯಿ ಇಟ್ಟುಕೊಂಡು ತಾಟು ಹಿಡಿದು ನಿಂತಿದ್ದರು. ಕುದುರೆಯ ಬೆನ್ನ ಹಿಂದೆ ಕಾಕಾ ಬರಿಗಾಲಲ್ಲಿ ಕುಳಿತಿದ್ದರು. ಬಾಯಲ್ಲಿ ಮೊಳೆ ಇರಲಿಲ್ಲ. ನಾನು ಬ್ಯಾಗಿಗೆ ಕೈ ಹಾಕಿದ್ದು ಕಂಡು ಬೇಡವೆಂದು ಸನ್ನೆ ಮಾಡಿದರು.

"ಸೂಜಿ ತೆಗೀಬ್ಯಾಡ್ರಿ. ಮಲಗೇತ್ರಿ. ಇವರಿಗೆ ಎಷ್ಟ ಹೇಳಿದ್ರೂ ನಂಬವಲ್ರು."

ಬಗ್ಗಿ ನೋಡಿದೆ. ಹೊಟ್ಟೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ಸಣ್ಣಗೆ ಗೊರಕೆಯೂ ಕೇಳುತ್ತಿತ್ತು. ಮಲಗಿದ ಕುದುರೆಯನ್ನು ನಾನು ಕಾಲೇಜಿನಲ್ಲಿ ಎಷ್ಟೋ ಸಲ ಕಂಡವನು. ಆದರೂ ಕಣ್ಣು ತುಂಬಿ ಬಂತು. ಅಲ್ಲಿದ್ದವರು ನೋಡಬಾರದೆಂದು ಬ್ಯಾಗಿನಲ್ಲಿ ಏನೋ ಹುಡುಕುವವನಂತೆ ಮಾಡಿದೆ.

ಮೆಲ್ಲಗೆ ಮಾತಾಡುವುದನ್ನೇ ಅರಿಯದ ಗೌಡರು ದಲಾಲನ ಬಳಿ ಹೋಗಿ ಪಿಸುಗುಟ್ಟಿದರು: "ಗಾಡಿ ದೂಕ್ಕೊಂಡು ಹೋಗು. ಊರ ದಾಟೂತನಾ ಚಾಲೂ ಮಾಡಬ್ಯಾಡ." ಗೌಡರ ತಾಯಿ ಮಾತ್ರ ಕದಲಲಿಲ್ಲ. ತಂದ ಕುಂಕುಮ ಹೊಳ್ಳಿ ಒಯ್ಯಬಾರದೆಂದು, ಕುದುರೆ ತಾನಾಗಿ ಏಳುವವರೆಗೂ ಕಾದು ಅದರ ಹಣೆಗೆ ಹಚ್ಚಿಯೇ ಹೋದರು.

ಕಾಕಾ ಬಡಿದು ತಂದಿದ್ದ ನಾಲ್ಕು ಲಾಳ ಮತ್ತೆ ಯಾವ ಕುದುರೆಯ ಕಾಲಿಗೂ ಹೋಗಲಿಲ್ಲ. ಕೈಗೆ ಬಂದಿದ್ದ ಖಾಯಂ ಕೆಲಸವನ್ನು ತಾವೇ ಬೇಡವೆಂದರಲ್ಲ ಎಂದು ಒಮ್ಮೆ ಕೇಳಿದೆ. ಮೊಳೆ ಕಚ್ಚಿಕೊಂಡೇ 'ಹೂಂ' ಅಂದರು. ಔಷಧ ಬೇಡದ ದನಕ್ಕೆ ಔಷಧ ಬೇಡ ಎಂದು ಅದರ ಮಾಲಕನಿಗೆ ಹೇಳುವುದನ್ನು ನಾನು ಕಲಿತದ್ದು ಆ ಹೂಂನಿಂದ. ಕಾಲೇಜಿನಲ್ಲಿ ಅದನ್ನು ಯಾರೂ ಕಲಿಸಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ ಕೇಳಿದ್ದು ಒಂದೇ ಮಾತು.

"ಮಲಗತೈತೇನ್ರಿ?"

"ದಿನಾ ಮಲಗತೈತಿ ಕಾಕಾ."

"ಹೂಂ," ಅಂದರು, ಬಾಯಲ್ಲಿ ಮೊಳೆ ಇದ್ದವರ ಹಾಗೆ.

ವಾರದೊಳಗೆ ತೀರಿಕೊಂಡರು. ಮಣ್ಣಿಗೆ ಹೋದ ದಿನ ನಾನು ಬೂಟನ್ನು ಜೀಪಿನಲ್ಲೇ ಬಿಟ್ಟು ಇಳಿದೆ. ಹಾದಿಯುದ್ದಕ್ಕೂ ಜಾಲಿಮುಳ್ಳು ಬಿದ್ದಿತ್ತು. ಅವರನ್ನು ಹೊತ್ತವರಿಗಿಂತ ಎರಡು ಹೆಜ್ಜೆ ಮುಂದೆ ನಡೆದೆ, ನನಗೆ ಚುಚ್ಚಿದಲ್ಲೆಲ್ಲ ನಿಂತು, ಈ ಕಡೆಯಿಂದ ಬರ್ರಿ ಎಂದು ಹೇಳುತ್ತ.