ಅಪ್ಪ ಸಂದು ಬಿಟ್ಟ ರಷ್ಯನ್ ಮನೆ

ನಾವಿರುವ ಕೊಲ್ಲಿ ನಾಡಿನ ಈ ನಗರದ ಅದ್ಲಿಯಾದಲ್ಲಿ ಹೊಸದಾಗಿ ತೆರೆಯಲಿರುವ ರಷ್ಯನ್ ಹೋಟೆಲಿನ ಮುಂಭಾಗಕ್ಕೆ ಇವತ್ತು ಪೈನ್ ದಿಮ್ಮಿಗಳನ್ನು ಜೋಡಿಸುತ್ತಿದ್ದರು. ಆ ವಾಸನೆಗೆ ನನ್ನ ಕಾಲು ತಾನಾಗಿ ನಿಂತಿತು.

ಅಪ್ಪ ಇದೇ ನಗರದ ಸೆಗಯಾ ಬಡಾವಣೆಯ ಅಂಗಡಿಯೊಂದರಲ್ಲಿ ಬಡಗಿಯಾಗಿದ್ದರು. ಊಟಕ್ಕೆ ಕೂತಾಗಲೂ ಕಿವಿಯ ಮೇಲಿನ ಪೆನ್ಸಿಲ್ ತೆಗೆಯುತ್ತಿರಲಿಲ್ಲ. ನನ್ನ ಶಾಲೆಯ ಪ್ರಾಜೆಕ್ಟಿಗೆ ರಷ್ಯದ ರೈತರ ದಿಮ್ಮಿ ಮನೆ ಬಂದಾಗ, ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಪಟ್ಟಿಗಳನ್ನು ದುಂಡಗೆ ಕೆತ್ತಿ, ಮೂಲೆಗಳಲ್ಲಿ ಕಚ್ಚು ಹಾಕಿ, ಒಂದೂ ಮೊಳೆಯಿಲ್ಲದೆ ಪುಟ್ಟ ಮನೆ ಕಟ್ಟಿಕೊಟ್ಟರು. ಆದರೆ ದಿಮ್ಮಿಗಳ ನಡುವೆ ಉಗುರು ತೂರುವಷ್ಟು ಸಂದು.

"ಅಪ್ಪ, ಅಲ್ಲಿ ಹಿಮ ಬೀಳ್ತದೆ. ಸಂದಿಗೆಲ್ಲ ಪಾಚಿ ತುಂಬಿಸ್ತಾರಂತೆ," ಎಂದೆ.

"ಗಾಳಿ ಬೇಡ್ವಾ ಮಾರಾಯ್ತಿ? ಒಳಗಿದ್ದವರಿಗೆ ಉಸಿರು ಕಟ್ಟುದಿಲ್ವಾ?" ಎಂದರು. ಕರಾವಳಿಯ ಬಡಗಿಗೆ ಗಾಳಿಯಾಡದ ಮನೆ ಮನೆಯೇ ಅಲ್ಲ.

ಟೀಚರ್ ಮಾರ್ಕು ಕಳೆದರು. ಎರಡು ದಿನ ನಾನು ಅಪ್ಪನೊಡನೆ ಮಾತಾಡಲಿಲ್ಲ.

ಇವತ್ತು ಹೋಟೆಲಿನ ಕೆಲಸದವನು ದಿಮ್ಮಿಗಳ ಸಂದಿಗೆ ನಾರು ಒತ್ತುತ್ತಿದ್ದ. ಸರಿಯಾಗಿಯೇ ಮಾಡುತ್ತಿದ್ದ. ನೋಡುತ್ತ ನಿಂತೆ, ಏನೂ ಅನಿಸಲಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡಾಗ ಅವರನ್ನು ಊರಿಗೆ ಕಳಿಸಿದ ಪೆಟ್ಟಿಗೆಯೂ ಪೈನ್ ಮರದ್ದೇ. ಏರ್‌ಪೋರ್ಟಿನ ಕಾರ್ಗೋದಲ್ಲಿ ಅದರ ಅಂಚಿಗೆಲ್ಲ ಕೈಯಾಡಿಸಿ ನೋಡಿದ್ದೆ. ಉಗುರು ತೂರುವಷ್ಟೂ ಸಂದಿರಲಿಲ್ಲ.