ಒಂದೇ ಒಲೆಯ ಕೊಲೆಸ್ಟ್ರಾಲ್

1984ರಲ್ಲಿ ನಾನು ಹುಮನಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಹುಟ್ಟಿದ್ದು ಬಸವಕಲ್ಯಾಣದಲ್ಲಿ. ಹೀಗಾಗಿ ಜನರ ಮಾತು ನನಗೆ ಹೊಸದಲ್ಲ, ನನ್ನ ಸಿಟ್ಟು ಅವರಿಗೆ ಹೊಸದಲ್ಲ. ಹೆಣ್ಣು ಡಾಕ್ಟರನ್ನು ನಮ್ಮ ಕಡೆ ಬಾಯಾರ ಎನ್ನುತ್ತಾರೆ. ‘ಬಾಯಾರ ಬೈತಾರ, ಆದ್ರ ಗುಣ ಮಾಡ್ತಾರ’ ಎಂದು ಹೊರಗಿನ ಕಟ್ಟೆಯ ಮೇಲೆ ಕುಳಿತವರು ಹೇಳುವುದು ನನ್ನ ಕಿವಿಗೂ ಬೀಳುತ್ತಿತ್ತು. ಅದರಲ್ಲಿ ಮೊದಲರ್ಧ ಪೂರ್ತಿ ನಿಜ.

ಆ ವರ್ಷ ಮುಂಗಾರು ಬಿತ್ತನೆ ಮುಗಿದ ಮೇಲೆ ಘಾಟಬೋರಾಳದಿಂದ ಶರಣಪ್ಪ ಎಂಬ ರೈತ ಬಂದ. ವಯಸ್ಸು ಮೂವತ್ತೆಂಟು. ಮೂವರು ಅಣ್ಣತಮ್ಮಂದಿರ ಕೂಡು ಕುಟುಂಬಕ್ಕೆ ಹಿರಿಯ. ಹೊಲಕ್ಕೆ ನಡೆದು ಹೋಗುವಾಗ ಎದೆ ಹಿಡಿದಂತಾಗುತ್ತದೆ, ನಿಂತರೆ ಬಿಡುತ್ತದೆ ಎಂದ. ಪರೀಕ್ಷೆ ಮಾಡುವಾಗ ರೆಪ್ಪೆಯ ಮೂಲೆಯಲ್ಲಿ ಹಳದಿ ಮಚ್ಚೆ ಕಂಡಿತು. ಚಪ್ಪಲಿ ಬಿಡಿಸಿ ನೋಡಿದೆ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ದಪ್ಪಗಾಗಿ ಗಂಟುಗಟ್ಟಿತ್ತು, ಕೊಲೆಸ್ಟ್ರಾಲ್ ವಿಪರೀತ ಏರಿ ಅಲ್ಲಿ ಕೂತ ಗುರುತು. ಓದುವಾಗ ಪುಸ್ತಕದಲ್ಲಿ ನೋಡಿದ್ದ ಆ ಚಿತ್ರ ಮನುಷ್ಯನ ಕಾಲಿನಲ್ಲಿ ಕಂಡದ್ದು ಅದೇ ಮೊದಲು.

ತಂದೆಯ ಬಗ್ಗೆ ಕೇಳಿದೆ. ನಲವತ್ತಮೂರಕ್ಕೆ ಕಣದಲ್ಲಿ ರಾಶಿ ಮಾಡುತ್ತಲೇ ಕುಸಿದು ಸತ್ತರಂತೆ. ಕಾಕಾ ನಲವತ್ತೊಂದಕ್ಕೆ.

“ನಮ್ಮ ಮನಿ ಗಂಡಸೂರ ಆಯುಷ್ಯ ಇಷ್ಟೇ ಅದ ರೀ ಬಾಯಾರ,” ಎಂದ ಶರಣಪ್ಪ, ಮಳೆಯ ಸುದ್ದಿ ಹೇಳುವಷ್ಟು ಸಮಾಧಾನದಿಂದ. “ನಡುವಿನ ತಮ್ಮ ಶಿವರಾಜ ಗಟ್ಟಿ ಇದ್ದಾನ. ಅವನ ಕೈಗೆ ಮನಿ ಒಪ್ಪಿಸಿದ್ರ ನಂದು ಮುಗೀತು.”

“ಮುಗೀತೋ ಇಲ್ಲೋ ಅನ್ನೋದು ನಾ ಹೇಳ್ತೀನಿ. ರಾತ್ರಿ ಉಂಡ ಮ್ಯಾಲ ಏನೂ ತಿನ್ನಬ್ಯಾಡ್ರಿ, ಮುಂಜಾನೆ ಬರೀ ಹೊಟ್ಟೀಲೆ ಬರ್ರಿ,” ಎಂದೆ.

ಆಗ ನಮ್ಮಲ್ಲಿ ಕೊಲೆಸ್ಟ್ರಾಲ್ ಪರೀಕ್ಷೆ ಇರಲಿಲ್ಲ. ರಕ್ತದಿಂದ ಬೇರ್ಪಡಿಸಿದ ಸೀರಂ ಅನ್ನು ಮಂಜುಗಡ್ಡೆಯ ಫ್ಲಾಸ್ಕಿನಲ್ಲಿಟ್ಟು ಬಸ್ಸಿನಲ್ಲಿ ಗುಲ್ಬರ್ಗಾಕ್ಕೆ ಕಳಿಸಬೇಕು. ಬಂದ ಅಂಕಿ ನೂರು ಮಿಲಿಲೀಟರಿಗೆ 392 ಮಿಲಿಗ್ರಾಂ. 250 ದಾಟಿದರೆ ನಾವು ಆ ದಿನಗಳಲ್ಲಿ ಎಚ್ಚರ ವಹಿಸುತ್ತಿದ್ದೆವು. ಕೊಲೆಸ್ಟ್ರಾಲ್ ಎಂದರೆ ರಕ್ತದಲ್ಲಿ ಹರಿಯುವ ಜಿಡ್ಡಿನಂಥ ವಸ್ತು. ಅದಿಲ್ಲದೆ ದೇಹ ನಡೆಯದು. ಆದರೆ ಅದರಲ್ಲಿ ಎಲ್‌ಡಿಎಲ್ ಎಂಬ ಭಾಗ ಹೆಚ್ಚಾದರೆ ರಕ್ತನಾಳದ ಗೋಡೆಗೆ ಅಂಟಿ ದಾರಿ ಕಟ್ಟುತ್ತದೆ. ಎಚ್‌ಡಿಎಲ್ ಎಂಬ ಭಾಗ ಅಂಟಿದ್ದನ್ನು ತೆಗೆದು ಯಕೃತ್ತಿಗೆ ಒಯ್ಯುತ್ತದೆ. ಬಹಳಷ್ಟು ಜನರಲ್ಲಿ ಊಟ, ಬೀಡಿ, ಕೂತು ತಿನ್ನುವ ಬಾಳು ಸೇರಿ ಅಂಕಿ ಏರುತ್ತದೆ. ಕೆಲವು ಮನೆತನಗಳಲ್ಲಿ ಮಾತ್ರ ಹುಟ್ಟಿನಿಂದಲೇ ಯಕೃತ್ತು ಎಲ್‌ಡಿಎಲ್ ಅನ್ನು ಸರಿಯಾಗಿ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಹೊಲದಲ್ಲಿ ದಿನವಿಡೀ ದುಡಿಯುವ ಶರಣಪ್ಪನದು ಆ ಜಾತಿಯ ಕಾಯಿಲೆ.

“ನಾವು ಮಾಂಸ ಮುಟ್ಟೋ ಮಂದಿ ಅಲ್ರಿ. ನಮ್ಮ ರಕ್ತದಾಗ ಕೊಬ್ಬು ಹ್ಯಾಂಗ ಬಂತು?” ಎಂದು ಕೇಳಿದ. ಮನೆಯಲ್ಲಿ ಐದು ಎಮ್ಮೆಗಳ ಹೈನು. ತುಪ್ಪ ಹಾಕದೆ ಬೇಳೆ ಗಂಟಲಿಗಿಳಿಯದ ಮನೆ. ಅಂಥವನಿಗೆ ತುಪ್ಪ, ಬೆಣ್ಣೆ, ಕೆನೆ, ವನಸ್ಪತಿ ಬಂದ್ ಎಂದೆ. ಬೀಡಿ ಬಂದ್. ಅವನ ಅಡುಗೆ ಬೇರೆ ಮಾಡಲಿ ಎಂದು ಹೇಳಿ ಕಳಿಸಿದೆ. ಎದೆನೋವಿಗೆ ಒಂದು ಔಷಧಿ ಕೊಟ್ಟು, ಜೊತೆಗೆ ದಿನಕ್ಕೆ ಮೂರು ನಿಕೋಟಿನಿಕ್ ಆಸಿಡ್ ಮಾತ್ರೆ ಬರೆದೆ. ಇದು ವಿಟಮಿನ್ ಜಾತಿಯದೇ, ಆದರೆ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಕೊಲೆಸ್ಟ್ರಾಲ್ ಇಳಿಸುತ್ತದೆ. ನುಂಗಿದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ತುರಿಕೆ ಬರುತ್ತದೆ, ಹೆದರಬೇಡ ಎಂದೂ ತಿಳಿಸಿದ್ದೆ. ಇಂದಿನ ಮಾತ್ರೆಗಳು ಆಗ ನಮ್ಮ ಕೈಗೆ ಬಂದಿರಲಿಲ್ಲ.

ಎರಡು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ 381. ಇಳಿದಿಲ್ಲ ಎಂದೇ ಲೆಕ್ಕ. ಗುಳಿಗೆ ತಗೊಂಡೆಯಾ ಎಂದರೆ, “ಒಂದ ದಿನಾನೂ ತಪ್ಪಿಸಿಲ್ರಿ, ದೇವ್ರಾಣಿ,” ಎಂದ. ಆಣೆ ಹಾಕುವವರನ್ನು ನಾನು ಬಹಳ ನೋಡಿದ್ದೇನೆ. ಮುಂದಿನ ಭಾನುವಾರ ಹೇಳದೆ ಕೇಳದೆ ಬಸ್ ಹತ್ತಿ ಅವರ ಮನೆಗೆ ಹೋದೆ.

ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಪಡಸಾಲೆಯಲ್ಲಿ ಶರಣಪ್ಪ, ಶಿವರಾಜ, ಕಿರಿಯ ಗುಂಡಪ್ಪ ಮೂವರೂ ಸಾಲಾಗಿ ಕೂತಿದ್ದರು. ಮೂವರ ಮುಖವೂ ಕೆಂಪು ಟೊಮೆಟೊ. ಗುಂಡಪ್ಪ ಕತ್ತು ಕೆರೆದುಕೊಳ್ಳುತ್ತಿದ್ದ. ಒಂದು ಗಳಿಗೆ ನನಗೆ ನಗು ಬಂತು, ಮರುಗಳಿಗೆ ರೇಗಿತು.

“ಈ ಗುಳಿಗಿ ಯಾರ್ಯಾರು ನುಂಗಾಕತ್ತೀರಿ?”

ಒಳಗಿನಿಂದ ತಾಯಿ ಗುರಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. ಮನೆಯ ಕೀಲಿಕೈ, ಮಾತು ಎರಡೂ ಅವರದೇ. “ಒಬ್ಬೊಬ್ಬಗ ಒಂದೊಂದು ಕೊಡ್ತೀನಿ. ರಕ್ತ ಹಸನ ಮಾಡೋ ಗುಳಿಗಿ ಅಂದಿ. ಒಬ್ಬಾಂವ ತಿನ್ನೋದು, ಇಬ್ರು ನೋಡ್ಕೋತ ಕೂಡೋದು ನಮ್ಮ ಮನ್ಯಾಗ ಇಲ್ಲ ಯವ್ವಾ. ಒಂದು ಪೇರಲಹಣ್ಣು ಬಂದ್ರೂ ಮೂರು ಹೋಳು ಆಗ್ತದ.”

“ಮತ್ತ ಬ್ಯಾರೆ ಅಡಿಗಿ?”

“ಬ್ಯಾರೆ ಒಲಿ ಹಚ್ಚಿದ್ರ ಮನಿ ಒಡದಂಗ. ನಾ ಇರೋತನ ಆಗಂಗಿಲ್ಲ.”

ಔಷಧಿ ಎಂದರೆ ಪೇಢೆ ಅಲ್ಲ, ಬೇಡದವನ ಯಕೃತ್ತಿಗೆ ಅದು ಕೆಡುಕು ಎಂದು ಬಾಯಿಗೆ ಬಂದಂತೆ ಬೈದೆ. ಗುರಮ್ಮ ಕದಲಲಿಲ್ಲ. ಬೈದು ಸಾಕಾಗಿ ನೀರು ಕುಡಿಯುವಾಗ ನನ್ನ ಕಣ್ಣು ಶಿವರಾಜನ ಪಾದದ ಮೇಲೆ ಬಿತ್ತು. ಮೂವತ್ತಮೂರರ ಕಟ್ಟುಮಸ್ತಾದ ಆಳು, ಅಣ್ಣ ಮನೆ ಒಪ್ಪಿಸಬೇಕೆಂದಿದ್ದವನು. ಅವನ ಹಿಮ್ಮಡಿಯಲ್ಲೂ ಅದೇ ಗಂಟು.

“ಗುಳಿಗಿ ಹಂಚಿದ್ದು ಸಾಕು,” ಎಂದೆ. “ಈಗ ಪರೀಕ್ಷಾ ಹಂಚಕೊಳ್ರಿ. ಮೂವರೂ ಬರ್ರಿ.”

ಗುಂಡಪ್ಪನದು 188, ಏನೂ ತೊಂದರೆಯಿಲ್ಲ. ಶಿವರಾಜನದು 368. ವರದಿ ಬಂದ ದಿನ ಶರಣಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದು ಕುಳಿತ. ತನ್ನ ಅಂಕಿ ಕೇಳಿ ಅಲುಗದ ಮನುಷ್ಯ ತಮ್ಮನ ಅಂಕಿ ಕೇಳಿ ಅತ್ತ. ಗುರಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದರು.

“ಯವ್ವಾ, ಖರೇ ಹೇಳು. ಇವರಪ್ಪಗ ದಿನಾ ನನ್ನ ಕೈಲೆ ತುಪ್ಪ ಬಡಸ್ತಿದ್ದೆ. ನಾನೇ ಕೊಂದ್ನೇನು?”

ನಾನು ಅವರ ಪಕ್ಕ ಬೆಂಚಿನ ಮೇಲೆ ಕುಳಿತೆ. “ಇಲ್ಲವ್ವಾ. ಇದು ಹುಟ್ಟಿನಿಂದ ರಕ್ತದಾಗ ಬಂದದ್ದು. ನಿಮಗೂ ಗೊತ್ತಿರಲಿಲ್ಲ, ಆಗಿನ ಡಾಕ್ಟರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಗ್ಯದ. ಏನು ಮಾಡ್ತೀರಿ ಹೇಳ್ರಿ.”

ಅವರು ಬಹಳ ಹೊತ್ತು ಯೋಚಿಸಲಿಲ್ಲ. “ಒಲಿ ಒಂದೇ. ಇವರಿಬ್ರಿಗೆ ಬ್ಯಾಡಾದದ್ದು ನಮಗ್ಯಾರಿಗೂ ಬ್ಯಾಡ.”

ಆಡಿದಂತೆ ನಡೆದರು. ಎಮ್ಮೆಯ ಹಾಲು ಹುಮನಾಬಾದಿನ ಚಹದಂಗಡಿಗೆ ಹೊರಟಿತು. ಮನೆಗೆ ಉಳಿದದ್ದು ಬೆಣ್ಣೆ ತೆಗೆದ ಮಜ್ಜಿಗೆ. ರಾಜೇಶ್ವರ ಊರಿನ ಗಾಣದಿಂದ ಕುಸುಬಿ ಎಣ್ಣೆ ತರಿಸಿ ಅದನ್ನೂ ಚಮಚದಲ್ಲಿ ಅಳೆದು ಹಾಕಿದರು. ಜೋಳದ ರೊಟ್ಟಿ, ಮೊಳಕೆ ಹೆಸರು, ಹುಳಿ ಪುಂಡಿಸೊಪ್ಪಿನ ಪಲ್ಯ ಮನೆಯವರಿಗೆ ಮೊದಲಿನಿಂದಲೂ ಒಗ್ಗಿದ್ದೇ. ಹಬ್ಬದ ಹೋಳಿಗೆಯನ್ನು ಮಕ್ಕಳು ಹಾಲಿಲ್ಲದೆ, ತುಪ್ಪವಿಲ್ಲದೆ ಬೇಳೆಕಟ್ಟಿನಲ್ಲಿ ಅದ್ದಿ ತಿಂದರು, ಗೊಣಗುತ್ತಲೇ ತಿಂದರು. ಮಾತ್ರೆ ಮಾತ್ರ ಅಣ್ಣತಮ್ಮ ಇಬ್ಬರಿಗೇ, ನಾನು ಯಕೃತ್ತಿನ ಪರೀಕ್ಷೆ ಮಾಡಿಸುತ್ತ ಹೋದೆ. ವರ್ಷ ಕಳೆಯುವಷ್ಟರಲ್ಲಿ ಶರಣಪ್ಪನ ಅಂಕಿ 278ಕ್ಕೆ, ಶಿವರಾಜನದು 262ಕ್ಕೆ ಇಳಿಯಿತು. ಪೂರ್ತಿ ಸರಿಯಾಯಿತೆಂದು ನಾನು ಸುಳ್ಳು ಹೇಳಲಿಲ್ಲ. ಆದರೆ ಶರಣಪ್ಪ ಎದೆ ಹಿಡಿಯದೆ ಹೊಲ ಮುಟ್ಟುತ್ತಿದ್ದ.

ಮರುವರ್ಷ ಒಂದು ಮುಂಜಾನೆ ನಾನು ಬರುವ ಮುಂಚೆಯೇ ಆ ಮನೆಯವರು ಆಸ್ಪತ್ರೆಯ ಜಗಲಿಯಲ್ಲಿದ್ದರು. ಗುರಮ್ಮ ಶರಣಪ್ಪನ ಹತ್ತು ವರ್ಷದ ಮಗಳು ಮಹಾನಂದಾಳನ್ನು ಮುಂದೆ ತಂದು ನಿಲ್ಲಿಸಿದರು. “ಇಕೀದೂ ನೋಡು. ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ.” ಕರೆಸಿದ್ದು ನಾನಲ್ಲ, ಅವರೇ ಬಂದದ್ದು.

ಹುಡುಗಿಯ ಅಂಕಿ 296 ಬಂತು. ಹೇಗೆ ಹೇಳಲಿ ಎಂದು ನಾನು ತಡವರಿಸಿದೆ. ಗುರಮ್ಮ ಮೊಮ್ಮಗಳ ತಲೆ ಮೇಲೆ ಕೈಯಿಟ್ಟು ಹೇಳಿದರು, “ಇಕೀಗಿ ಹತ್ತರಾಗೇ ಗೊತ್ತಾತು. ನನ್ನ ಗಂಡ ಸತ್ತ ಮ್ಯಾಲೂ ಯಾಕ ಸತ್ತ ಅಂತ ಗೊತ್ತಾಗಿರಲಿಲ್ಲ.”

ಆಮೇಲೆ ಎಷ್ಟೋ ಊರುಗಳಲ್ಲಿ ಕೆಲಸ ಮಾಡಿದೆ. ಕೊಲೆಸ್ಟ್ರಾಲ್ ವರದಿ ಹಿಡಿದು ಒಬ್ಬರೇ ಬಂದವರಿಗೆ ನಾನು ಪಥ್ಯ ಹೇಳುವುದಿಲ್ಲ. ಅಡುಗೆ ಮಾಡುವವರನ್ನೂ, ಒಡಹುಟ್ಟಿದವರನ್ನೂ, ಮಕ್ಕಳನ್ನೂ ಕರೆದುಕೊಂಡು ಬಾ ಎಂದು ಬೈದು ಕಳಿಸುತ್ತೇನೆ.